ಮೂರು ಮನೆಯ ಫ್ರಿಜ್ಜು

ಆ ಗುರುವಾರ ನಮ್ಮ ಮನೆಯವರು ಎಂದಿನಂತೆ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದ್ದರು. ಯಾರದಾದರೂ ಪಾರ್ಟಿಗೆ ಸಿಹಿ ಮಾಡುವ ದಿನ ಅದು ಅವರ ಅಡುಗೆಮನೆ. ನೀರು ಕುಡಿಯಬೇಕೆಂದರೂ ನಾನು ಬಾಗಿಲಲ್ಲಿ ನಿಂತು ಕೇಳಬೇಕು.

"ಒಂದು ಲೋಟ ನೀರು ಸಿಗುತ್ತಾ ಸ್ವಾಮಿ?"

"ಕೈ ಖಾಲಿ ಇಲ್ಲ. ಆಮೇಲೆ ಬಾ."

"ಬಾಯಾರಿಕೆ ಈಗ ಆಗಿದೆ."

"ಸಕ್ಕರೆ ಈಗ ಕೆಂಪಾಗ್ತಿದೆ. ನಿನ್ನ ಬಾಯಾರಿಕೆ ಕಾಯುತ್ತೆ, ಇದು ಕಾಯಲ್ಲ."

ಇವರು ಮೊದಲು ಒಂದು ಹೋಟೆಲಿನಲ್ಲಿ ಸಿಹಿ ಮಾಡುವ ಕೆಲಸಕ್ಕಿದ್ದರು. ಹೋಟೆಲು ಮುಚ್ಚಿತು. ಮನೆಯಲ್ಲೇ ಶುರುಮಾಡಿದರು. ಮುಂಚೆಯೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಪಾರ್ಟಿಯ ದಿನ ಬರೀ ಎತ್ತಿಕೊಡುವ ಸಿಹಿಗಳು ಮಾತ್ರ. ಒಂದು ರಾತ್ರಿ ಕೂತರೆ ರುಚಿ, ಎರಡು ರಾತ್ರಿ ಕೂತರೆ ಇನ್ನೂ ರುಚಿ ಎನ್ನುತ್ತಿದ್ದರು. ಪಾರ್ಟಿಯ ದಿನ ಒಲೆ ಹಚ್ಚುವವರನ್ನು ಕಂಡರೆ ಇವರಿಗೆ ಅಯ್ಯೋ ಪಾಪ ಅನಿಸುತ್ತಿತ್ತು. ಕಟ್ಟಡದ ಮಕ್ಕಳು ಚಮಚ ಹಿಡಿದುಕೊಂಡು ಬಂದರೆ "ಇವತ್ತಲ್ಲ, ನಾಳೆ" ಎಂದು ಓಡಿಸುತ್ತಿದ್ದರು. ಹಾಗಾಗಿ ಮಕ್ಕಳ ಬಾಯಲ್ಲಿ ಇವರು ನಾಳೆ ಮಾಮ. ಕೊನೆಗೆ ದೊಡ್ಡವರೂ ಹಾಗೇ ಕರೆಯತೊಡಗಿದರು. ಇವರಿಗೆ ಸಿಟ್ಟಿರಲಿಲ್ಲ. ಒಳಗೊಳಗೆ ಜಂಬವೇ ಇತ್ತು.

ನಮ್ಮ ಫ್ರಿಜ್ಜು ಚಿಕ್ಕದು. ಮೂರು ಬಗೆ ಮಾಡಿದರೆ ಎರಡಕ್ಕೆ ಜಾಗವಿಲ್ಲ. ಅದಕ್ಕೆ ಇವರು ಅಕ್ಕಪಕ್ಕದ ಫ್ರಿಜ್ಜುಗಳನ್ನು ಸೊಸೆಯರನ್ನು ನೋಡುವ ಹಾಗೆ ನೋಡಿಟ್ಟುಕೊಂಡಿದ್ದರು. ಯಾವುದರ ಗುಣ ಏನು, ಯಾವುದರ ಕೈಲಿ ಏನು ಕೊಡಬಹುದು. ನಮ್ಮದರಲ್ಲಿ ಸುಟ್ಟ ಸಕ್ಕರೆಯ ಕಸ್ಟರ್ಡು. ಎದುರುಮನೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣ ಒಬ್ಬರೇ ಇರುತ್ತಾರೆ. ಅವರ ಫ್ರಿಜ್ಜು ಹೊಸದು, ಒಳ್ಳೆಯದು, ಆದರೆ ಅವರು ಸುಮ್ಮಸುಮ್ಮನೆ ಬಾಗಿಲು ತೆಗೆದು ಒಳಗೆ ನೋಡುತ್ತ ನಿಲ್ಲುತ್ತಾರೆ. ಅಲ್ಲಿಗೆ ಚಾಕಲೇಟ್ ಪುಡ್ಡಿಂಗು. ಅದು ಗಟ್ಟಿ ಜೀವ, ತಡೆಯುತ್ತೆ. ಕೆಳಗಿನ ಮನೆಯ ಟೈಲರಮ್ಮನ ಫ್ರಿಜ್ಜು ಹಳೆಯದು, ಲಾರಿ ಏರು ಹತ್ತಿದ ಹಾಗೆ ಸದ್ದು ಮಾಡುತ್ತದೆ. ತಂಪು ಮಾತ್ರ ಹಿತ. ಅಲ್ಲಿಗೆ ಬಿಸ್ಕತ್ತಿನದು. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ, ಒಂದು ಸಾಲು ಬಿಸ್ಕತ್ತು, ಒಂದು ಸಾಲು ಕ್ರೀಮು, ಹೀಗೆ ಜೋಡಿಸುವುದು. ಒಲೆಯೇ ಬೇಡ. ಇಟ್ಟುಕೊಂಡವರಿಗೆ ಬಾಡಿಗೆ ಆಯಾ ಸಿಹಿಯದೇ ಒಂದು ಕಪ್ಪು.

ಆ ಗುರುವಾರ ಮಾಡಿದ್ದು ಶನಿವಾರಕ್ಕೆ. ಅಂಚೆ ಕಚೇರಿಯ ದೊಡ್ಡ ಮೇಡಂ ನಿವೃತ್ತರಾಗುತ್ತಿದ್ದರು, ಸಂಜೆ ಕಚೇರಿಯಲ್ಲೇ ಪಾರ್ಟಿ. ಇವರು ಬೋಗುಣಿಗಳನ್ನು ಎದೆಗೆ ಆನಿಸಿಕೊಂಡು ಮೆಟ್ಟಿಲು ಇಳಿದರು, ಹತ್ತಿದರು. ಎದುರುಮನೆಯಿಂದ ಇವರ ದನಿ ನನಗೆ ಕೇಳುತ್ತಿತ್ತು.

"ಡ್ರೈವರ್ ಸಾಹೇಬ್ರೇ, ಇದು ಫ್ರಿಜ್ಜು. ಟಿವಿ ಅಲ್ಲ."

"ಗೊತ್ತು ಮಾರಾಯಾ."

"ಮತ್ತೆ ಯಾಕೆ ಎದುರಿಗೆ ಕುರ್ಚಿ ಹಾಕಿದ್ದೀರಾ?"

ರಾತ್ರಿ ಉಂಡರು, ಕಾಲು ನೋವು ಎಂದರು. ಅಷ್ಟು ಸಲ ಮೆಟ್ಟಿಲು ಹತ್ತಿದರೆ ನೋಯದೆ ಏನಾಗುತ್ತೆ ಎಂದೆ. ಮಲಗಿದರು.

ಬೆಳಿಗ್ಗೆ ಕಾಫಿ ಹಿಡಿದುಕೊಂಡು ಎಬ್ಬಿಸಲು ಹೋದೆ. ಏಳಲಿಲ್ಲ. ಮಲಗಿದಲ್ಲೇ ಹೃದಯ ನಿಂತಿತ್ತು ಅಂದರು ಡಾಕ್ಟರು. ಅವತ್ತೇ ಎಲ್ಲ ಮುಗಿಯಿತು.

ಶನಿವಾರ ಮನೆಯಲ್ಲಿ ನಾನು ಮತ್ತು ನಾದಿನಿ, ಅಂದರೆ ಇವರ ತಂಗಿ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಡ್ರೈವರಣ್ಣ ಬಾಗಿಲ ತನಕ ಬಂದರು. "ತಂಗೀ, ಒಂದು ಮಾತು..." ಅಂದರು. "ಬೇಡ ಬಿಡು" ಎಂದು ವಾಪಸು ಹೋದರು. ಸ್ವಲ್ಪ ಹೊತ್ತಿಗೆ ಟೈಲರಮ್ಮ ಬಂದಳು. ಸೆರಗು ತಿರುಚಿದಳು, ನನ್ನ ಮುಖ ನೋಡಿದಳು, ಹೋದಳು. ಡ್ರೈವರಣ್ಣ ಮತ್ತೆ ಬಂದರು, ಮತ್ತೆ ಹೋದರು.

"ಇವರಿಗೆಲ್ಲ ಏನಾಗಿದೆ?" ಅಂದಳು ನಾದಿನಿ.

ನನಗೂ ತಿಳಿಯಲಿಲ್ಲ. ಆಗ ಫೋನು ಬಂತು. ಅಂಚೆ ಕಚೇರಿಯಿಂದ. ಸಮಾಧಾನದ ಮಾತು ಹೇಳಿ, ಕೊನೆಗೆ, "ಸಿಹಿಯ ಬಗ್ಗೆ ನೀವೇನೂ ಯೋಚನೆ ಮಾಡ್ಬೇಡಿ ಅಮ್ಮ. ಬೇಕರಿಯಿಂದ ಕೇಕ್ ತರಿಸ್ತೀವಿ" ಅಂದರು.

ಬೇಕರಿ ಕೇಕು ಅಂದರೆ ಇವರಿಗೆ ಆಗುತ್ತಿರಲಿಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ಕ್ರೀಮು ಬಳಿದಿರುತ್ತಾರೆ ಎಂದು ಮೂಗು ಮುರಿಯುತ್ತಿದ್ದರು. ಆದರೆ ನಾನು ಅದಕ್ಕಾಗಿ ಹೇಳಲಿಲ್ಲ. ಬಾಯಿಗೆ ತಾನಾಗಿ ಬಂತು.

"ಕೇಕ್ ತರಿಸ್ಬೇಡಿ. ಅವರು ಮಾಡಿಟ್ಟಿದ್ದಾರೆ. ಸಂಜೆ ಬರುತ್ತೆ."

ಫೋನಿಟ್ಟ ಮೇಲೆ ನಾದಿನಿ ನನ್ನನ್ನೇ ನೋಡಿದಳು.

"ಅತ್ತಿಗೆ, ಅಣ್ಣ ಹೋಗಿ ಇನ್ನೂ ಎರಡು ದಿನ ಆಗಿಲ್ಲ. ನಿಮಗೆ ಪುಡ್ಡಿಂಗ್ ಚಿಂತೆನಾ?"

"ಅವರು ಹೋದರು. ಪುಡ್ಡಿಂಗು ಹೋಗಿಲ್ಲವಲ್ಲ."

"ಜನ ಏನಂತಾರೆ?"

"ತಿಂದ ಮೇಲೆ ಹೇಳಲಿ."

ನಮ್ಮ ಫ್ರಿಜ್ಜಿನ ಬಾಗಿಲನ್ನು ನಾನು ಶುಕ್ರವಾರದಿಂದ ತೆಗೆದಿರಲಿಲ್ಲ. ತೆಗೆದೆ. ಕಸ್ಟರ್ಡು ಇಟ್ಟ ಹಾಗೇ ಇತ್ತು. ಮೇಲೆ ಬಟ್ಟೆ ಮುಚ್ಚಿ, ಬಟ್ಟೆಯ ಅಂಚನ್ನು ಇವರು ಮಡಿಸಿದ ರೀತಿ ಹಾಗೇ ಇತ್ತು. ಸ್ವಲ್ಪ ಹೊತ್ತು ನಿಂತೆ. ತಂಪು ಹೋಗುತ್ತೆ ಎಂದು ಮುಚ್ಚಿದೆ.

ಎದುರುಮನೆಗೆ ಹೋದೆ. ಡ್ರೈವರಣ್ಣ ಎದ್ದು ನಿಂತರು.

"ಅಣ್ಣ, ಅವರ ಪುಡ್ಡಿಂಗು."

"ಅಬ್ಬಾ, ನೀನೇ ಕೇಳಿದೆಯಲ್ಲ! ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ಬಂದು ಬಂದು ಹೋಗ್ತಿದ್ದೀನಿ. ಸಾವಿನ ಮನೆಗೆ ಹೋಗಿ ಪುಡ್ಡಿಂಗ್ ಅಂತ ಹೇಗಮ್ಮಾ ಬಾಯಿ ಬಿಡೋದು?"

"ಹೇಗಿದೆ?"

"ಯಾರಿಗೆ ಗೊತ್ತು? ಶುಕ್ರವಾರದಿಂದ ಬಾಗಿಲು ತೆಗೆದಿಲ್ಲ. ಹಾಲು ಆಚೆಯೇ ಇಟ್ಟು ಎರಡು ಸಲ ಒಡೀತು. ನೀರು ನಲ್ಲೀದೇ ಕುಡೀತಿದ್ದೀನಿ. ತೆಗೆದರೆ ಅವನು ಬೈತಾನೆ ಅನ್ಸುತ್ತೆ."

ತೆಗೆದು ನೋಡಿದೆವು. ಇಷ್ಟು ವರ್ಷ ಅವರ ಫ್ರಿಜ್ಜಿನಲ್ಲಿ ಪುಡ್ಡಿಂಗು ಇಷ್ಟು ಚೆನ್ನಾಗಿ ಕಟ್ಟಿದ್ದೇ ಇಲ್ಲ. ಬೋಗುಣಿ ಅಲ್ಲಾಡಿಸಿದರೆ ಅಂಚು ಕೂಡ ನಡುಗಲಿಲ್ಲ. ಬದುಕಿರುವಾಗ ಇವರು ಗೋಗರೆದರೂ ಆಗದ್ದು ಈಗ ಆಗಿತ್ತು. ನನಗೆ ನಗು ಬಂತು. ಡ್ರೈವರಣ್ಣನಿಗೂ ಬಂತು, ಆದರೆ ನಗಬಹುದೋ ಬಾರದೋ ಎಂದು ನನ್ನ ಮುಖ ನೋಡಿದರು.

"ನಗಿ ಅಣ್ಣ" ಅಂದೆ.

ಕೆಳಗೆ ಟೈಲರಮ್ಮನ ಮನೆಯಲ್ಲಿ ಸದ್ದೇ ಇರಲಿಲ್ಲ. ಅದೇ ಮೊದಲು ನನ್ನ ಗಮನಕ್ಕೆ ಬಂದದ್ದು. ಆ ಮನೆಯಲ್ಲಿ ಫ್ರಿಜ್ಜಿನ ಸದ್ದು ಇಲ್ಲದ ದಿನ ಇಲ್ಲ. ನನ್ನನ್ನು ನೋಡಿದ್ದೇ ಅವಳು ಅಳಲು ಶುರುಮಾಡಿದಳು.

"ಅಕ್ಕಾ, ತಪ್ಪಾಗೋಯ್ತು. ಮೇಲೆ ನೀವೆಲ್ಲ ಅಳ್ತಾ ಇದ್ದೀರಾ, ಕೆಳಗೆ ಇದು ಡರ್ರ್ ಅಂತಿದೆ. ಬಂದವರೆಲ್ಲ ತಿರುಗಿ ತಿರುಗಿ ನೋಡ್ತಿದ್ರು. ನಾಚಿಕೆ ಆಯ್ತು. ಪ್ಲಗ್ ಕಿತ್ತೆ. ಆಮೇಲೆ ಹಾಕೋಣ ಅಂದ್ಕೊಂಡೆ, ಜನ ಬರ್ತಾನೇ ಇದ್ರು..."

"ಯಾವಾಗ ಹಾಕಿದೆ?"

"ಇವತ್ತು ಬೆಳಿಗ್ಗೆ ನೆನಪಾಯ್ತು. ಮತ್ತೆ ಹಾಕೋಕೆ ಕೈ ಬರ್ಲಿಲ್ಲ. ಒಳಗಡೆ ವಾಸನೆ."

ಬಟ್ಟೆ ಎತ್ತಿದೆ. ಕ್ರೀಮು ನೀರಾಗಿ ಹುಳಿಯಾಗಿತ್ತು. ಬಿಸ್ಕತ್ತು ತಳದಲ್ಲಿ ಮುಳುಗಿತ್ತು. ಮರ್ಯಾದೆ ಕೊಡಲು ಹೋಗಿ ಒಬ್ಬರು ಉಳಿಸಿದರು, ಇನ್ನೊಬ್ಬಳು ಕೆಡಿಸಿದಳು. ಬೋಗುಣಿಯನ್ನು ಹಿತ್ತಲಿಗೆ ಒಯ್ದು ಮೋರಿಗೆ ಸುರಿದೆ. ಇವರು ಕೈಯಾರೆ ಮಾಡಿದ್ದು. ಸುರಿಯುವಾಗ ನಾನು ಬೇರೆ ಕಡೆ ನೋಡಿದೆ.

"ಎರಡು ಚೆನ್ನಾಗಿದೆಯಲ್ಲ ಅತ್ತಿಗೆ. ಅದನ್ನೇ ಕಳಿಸಿ" ಅಂದಳು ನನ್ನ ಹಿಂದೆಯೇ ಇಳಿದು ಬಂದಿದ್ದ ನಾದಿನಿ.

"ಮೂರು ಅಂತ ಒಪ್ಪಿಕೊಂಡಿದ್ದರು."

"ಯಾರೂ ಕೇಳಲ್ಲ."

"ಕೇಳಲ್ಲ. ಆದರೆ ಎರಡೇ ಹೋದರೆ ಅವರು ಮಾತು ತಪ್ಪಿದ ಹಾಗೆ. ತಿದ್ದಿಕೊಳ್ಳೋಕೆ ಅವರು ಇನ್ನು ಬರಲ್ಲ." ಟೈಲರಮ್ಮನ ಕಡೆ ತಿರುಗಿದೆ. "ಅತ್ತದ್ದು ಸಾಕು. ಪ್ಲಗ್ ಹಾಕು. ಆಮೇಲೆ ಅಂಗಡಿಗೆ ಹೋಗಿ ಬಿಸ್ಕತ್ತು, ಕ್ರೀಮು ತಗೊಂಡು ಬಾ."

ಆಗಲೇ ಮಧ್ಯಾಹ್ನ. ರಾತ್ರಿಯೆಲ್ಲ ಕೂರಬೇಕಾದದ್ದು ಸಂಜೆಯೊಳಗೆ ಕೂರಬೇಕು. ನಾನು ಜೀವಮಾನದಲ್ಲಿ ಅದನ್ನು ಮಾಡಿರಲಿಲ್ಲ, ನನ್ನನ್ನು ಒಳಗೆ ಬಿಟ್ಟಿದ್ದರೆ ತಾನೆ? ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ. ಕಾಫಿ ಗಟ್ಟಿಯಾಗಿ ಕಾಸಿ ಆರಿಸಿದೆ. ಟೈಲರಮ್ಮ ಕ್ರೀಮು ಕಡೆದಳು, ಮಿಷನ್ನು ತುಳಿಯುವ ಕಾಲಿಗಿಂತ ಅವಳ ಕೈ ಜೋರು. ಬಿಸ್ಕತ್ತು ಅದ್ದಲು ನಾನು ಕೂತೆ. ಎದುರಿಗೆ ನಾದಿನಿ ಬಂದು ಕೂತಳು.

"ನಿಮಗೇನು ಗೊತ್ತು, ಸರೀರಿ. ಅಣ್ಣ ಅದ್ದೋವಾಗ ನಾನು ಪಕ್ಕದಲ್ಲಿ ಇರ್ತಿದ್ದೆ."

"ಎಷ್ಟು ಹೊತ್ತು ಅದ್ದುತ್ತಿದ್ದರು?"

"ಒಂದು ಸಲ ಉಸಿರು ಎಳೆದು ಬಿಡೋವಷ್ಟು."

"ಮತ್ತೆ ನೀನು ಯಾಕೆ ಅಷ್ಟು ಹೊತ್ತು ಮುಳುಗಿಸ್ತಿದ್ದೀಯಾ? ಸ್ನಾನ ಮಾಡಿಸ್ತಿದ್ದೀಯಾ?"

"ಟೈಮಿಲ್ಲ ಅತ್ತಿಗೆ! ಬೇಗ ಮೆತ್ತಗಾಗಬೇಕು."

"ಅಷ್ಟು ಮೆತ್ತಗಾದರೆ ಕುಡಿಯಬೇಕಾಗುತ್ತೆ."

"ನೀವು ಬಿಸ್ಕತ್ತಿಗೆ ಕಾಫಿ ತೋರಿಸ್ತಿದ್ದೀರಾ ಅಷ್ಟೇ. ಅದಕ್ಕೆ ಒದ್ದೆ ಆಗಿದ್ದೇ ಗೊತ್ತಿಲ್ಲ."

ಇಬ್ಬರೂ ಬಗ್ಗಲಿಲ್ಲ. ಅವಳ ಕಡೆ ಅವಳು ಜೋಡಿಸಿದಳು, ನನ್ನ ಕಡೆ ನಾನು. ನಡುವೆ ಅವಳು ಒಮ್ಮೆ ಬಿಕ್ಕಿದಳು. ಕ್ರೀಮಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು, ಹುಬ್ಬಿಗೆಲ್ಲ ಕ್ರೀಮು. ನಾನು ಒರೆಸಿದೆ. ಬೋಗುಣಿ ಟೈಲರಮ್ಮನ ಫ್ರಿಜ್ಜಿಗೆ ಹೋಯಿತು. ಲಾರಿ ಸದ್ದು ಶುರುವಾಯಿತು. ಮೇಲೆ ನಮ್ಮ ಮನೆಗೆ ಬಂದವರು ತಿರುಗಿ ನೋಡಿದರು. ನೋಡಲಿ.

ಸಂಜೆ ಡ್ರೈವರಣ್ಣ ಅಂಗಡಿಯವರ ವ್ಯಾನು ಕೇಳಿ ತಂದರು. ಬೋಗುಣಿಗಳನ್ನು ಹಿಂದೆ ಇಟ್ಟು, ಸುತ್ತ ದಿಂಬು ಒತ್ತಿದರು.

"ಅಣ್ಣ, ಎರಡು ಅವರು ಮಾಡಿದ್ದು. ಬಿಸ್ಕತ್ತಿನದು ನಾನು ಮಾಡಿದ್ದು. ಅಲ್ಲಿ ಹಾಗೇ ಹೇಳಬೇಕು. ಒಂದಕ್ಕೊಂದು ಸೇರಿಸಬೇಡಿ."

"ನಾನೂ ಮಾಡಿದ್ದೀನಿ" ಅಂದಳು ನಾದಿನಿ.

"ಇವಳೂ ಮಾಡಿದ್ದಾಳೆ. ಕೆಟ್ಟಿದ್ದರೆ ಮೊದಲು ಇವಳ ಹೆಸರು ಹೇಳಿ."

ವ್ಯಾನು ಹೋಯಿತು. ನಾವು ಮೂವರೂ ಹೊಸ್ತಿಲಲ್ಲಿ ಕೂತೆವು. ಒಳ್ಳೆಯದಾಗಲಿ ಎಂದು ಕೂಡ ನಾನು ಬೇಡಿಕೊಳ್ಳಲಿಲ್ಲ. ತಲುಪಲಿ, ಅಷ್ಟೇ.

ಡ್ರೈವರಣ್ಣ ಖಾಲಿ ಬೋಗುಣಿ ಹೊತ್ತುಕೊಂಡು ಬಂದರು. ಕಸ್ಟರ್ಡಿನದು, ಪುಡ್ಡಿಂಗಿನದು ತೊಳೆದಿಟ್ಟ ಹಾಗಿದ್ದವು, ಚಮಚದಿಂದ ಕೆರೆದ ಗೆರೆಗಳು ಮಾತ್ರ. ಬಿಸ್ಕತ್ತಿನದರಲ್ಲಿ ಕಾಲು ಭಾಗ ಉಳಿದಿತ್ತು.

"ಹೇಳಿ" ಅಂದೆ.

"ನಿಜ ಹೇಳ್ಲಾ?"

"ಸುಳ್ಳು ಕೇಳೋಕೆ ಇಲ್ಲಿ ಕೂತಿಲ್ಲ."

"ಎರಡನ್ನ ತಿನ್ನೋವಾಗ ಯಾರೂ ಮಾತಾಡ್ಲಿಲ್ಲ. ಮೇಡಂ ತಟ್ಟೆ ಹಿಡಿದುಕೊಂಡು ಕಿಟಕಿ ಹತ್ರ ಹೋಗಿ ನಿಂತರು. ಮೂರನೇದು ಬಂತು. ಒಂದು ಕಡೆ ಕಲ್ಲು, ಒಂದು ಕಡೆ ಕೆಸರು. ಸಾಲಾಗಿ ಕೂತವರೆಲ್ಲ ಕಟಕಟ, ಕಟಕಟ. ಇದು ಬೇರೆಯವರು ಮಾಡಿದ್ದು ಅಂತ ನಾನು ಹೇಳೋ ಮೊದಲೇ ಅವರ ಹಲ್ಲಿಗೆ ಗೊತ್ತಾಗಿತ್ತು. ಮೇಡಂ ನಕ್ಕರು. ಎಲ್ಲರೂ ನಕ್ಕರು. ಮೇಡಂ ಇನ್ನೊಂದು ಸಲ ಹಾಕಿಸ್ಕೊಂಡ್ರು."

"ಕರುಣೆಗೆ ಹಾಕಿಸಿಕೊಂಡಿರ್ತಾರೆ."

"ಕರುಣೆಗೆ ಒಂದು ಸಲ ತಿಂತಾರಮ್ಮ, ಎರಡು ಸಲ ಯಾರು ತಿಂತಾರೆ? ಮುಂದಿನ ತಿಂಗಳು ಅವರ ಮೊಮ್ಮಗಳ ಹುಟ್ಟುಹಬ್ಬ ಅಂತೆ. ಬಿಸ್ಕತ್ತಿಂದು ಬೇಕಂತೆ. ಮುಂಚೇನೇ ಮಾಡಿ ಇಡೋಕೆ ಹೇಳಿ ಅಂದ್ರು."

ನಾದಿನಿ ಉಳಿದದ್ದಕ್ಕೆ ಚಮಚ ಹಾಕಿದಳು, ತನ್ನ ಕಡೆಯದಕ್ಕೆ. ನಾನು ನನ್ನ ಕಡೆಯದು ತಿಂದೆ. ಗಟ್ಟಿಯಾಗಿತ್ತು. ಅಗಿಯುತ್ತ ಅಗಿಯುತ್ತ ಅವತ್ತು ಮೊದಲ ಬಾರಿ ಚೆನ್ನಾಗಿ ಅತ್ತೆ.

ಹುಟ್ಟುಹಬ್ಬದ್ದು ಸರಿಯಾಯಿತು. ಆಮೇಲೆ ಇನ್ನೊಬ್ಬರು ಕೇಳಿದರು. ಕಸ್ಟರ್ಡು ಇನ್ನೂ ನನ್ನ ಕೈಗೆ ಹತ್ತಿಲ್ಲ, ಸಕ್ಕರೆ ಪ್ರತಿಸಲ ಕರಿದಾಗುತ್ತದೆ. ಬಿಸ್ಕತ್ತಿನದು ಕೈಗೆ ಬಂದಿದೆ, ಮೂರು ಮನೆಯ ಫ್ರಿಜ್ಜಿನಲ್ಲೂ ಈಗ ಅದೇ. ನಾದಿನಿ ಫೋನು ಮಾಡಿದಾಗಲೆಲ್ಲ ಎಷ್ಟು ಹೊತ್ತು ಅದ್ದಿದಿರಿ ಎಂದು ಕೇಳಿ ಜಗಳ ತೆಗೆಯುತ್ತಾಳೆ.

ಕ್ರೀಮು ಬಲು ಬೇಗ ವಾಸನೆ ಹಿಡಿಯುತ್ತದೆ. ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ ಇದ್ದರೆ ಸಾಕು. ಅದಕ್ಕೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ಸೋಡಾಪುಡಿ ಹಾಕಿ, ಹಳೆ ಬಟ್ಟೆ ಹಿಂಡಿಕೊಂಡು ಹೊರಡುತ್ತೇನೆ. ಮೊದಲು ಟೈಲರಮ್ಮನ ಮನೆ, ಅವಳು ಮಿಷನ್ನಿಗೆ ಕೂರುವ ಮೊದಲು. ನಡುವಿನ ಶೆಲ್ಫು ಒರೆಸುತ್ತೇನೆ. ಆಮೇಲೆ ಡ್ರೈವರಣ್ಣನದು. ಅವರ ಅರ್ಧ ಕಚ್ಚಿದ ಸೌತೆಕಾಯಿ, ಮುಚ್ಚಳವಿಲ್ಲದ ಉಪ್ಪಿನಕಾಯಿ ಎಲ್ಲ ಆಚೆ ತೆಗೆದು, ಬೈದು, ಒರೆಸುತ್ತೇನೆ. ಕೊನೆಗೆ ನಮ್ಮದು. ಮೂಲೆಯಲ್ಲಿ ಬೆರಳಿಟ್ಟು ಒರೆಸಿ, ಬಾಗಿಲ ರಬ್ಬರು ಒರೆಸಿ, ಬಟ್ಟೆ ಹಿಂಡಿ ತಂತಿಗೆ ಹಾಕುತ್ತೇನೆ.