ನೀಲಪ್ಪನ ಏಳು ಮಂದಿ

ನೀಲಪ್ಪ ಜನ್ಮದಲ್ಲಿ ಕಬಡ್ಡಿ ಆಡಿದವನಲ್ಲ. ಆದರೂ ಎಪ್ಪತ್ತರ ದಶಕದ ಕೊನೆಗೆ ಹಂಸಭಾವಿ ತಂಡದಲ್ಲಿ ಅಂಗಳಕ್ಕಿಳಿಯುವ ಏಳು ಮಂದಿ ಯಾರೆಂದು ಹೇಳುತ್ತಿದ್ದವನು ಅವನೇ. ಹಿಟ್ಟಿನ ಗಿರಣಿ ಇಟ್ಟಿದ್ದ. ನಮ್ಮ ಬನಿಯನ್ನು, ಬಸ್ ಚಾರ್ಜು ಅವನದು, ಹಾಗಾಗಿ ಮಾತೂ ಅವನದೇ. ಆ ಮನುಷ್ಯನನ್ನು ಕಂಡರೆ ನನಗೆ ಅಂದೂ ಆಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ.

ಆಟ ಬಲ್ಲವನೆಂದರೆ ಗೌಸಸಾಬ. ಎದುರಾಳಿಗಳ ನಡುವೆ ನುಗ್ಗಿ ಇಬ್ಬರನ್ನು ಮುಟ್ಟಿ, ಅವರಿಗೆ ಗೊತ್ತಾಗುವಷ್ಟರಲ್ಲಿ ಗೆರೆಯ ಈಚೆ ನಿಂತಿರುತ್ತಿದ್ದ. ಅವನಪ್ಪ ಸವಣೂರಿನಿಂದ ವೀಳ್ಯದೆಲೆ ಮಾರಲು ಬಂದು ನಮ್ಮೂರಲ್ಲೇ ನೆಲೆಸಿದವನು. ಗೌಸ ಹುಟ್ಟಿದ್ದು, ಬೆಳೆದದ್ದು, ಮೊಣಕಾಲು ತರಚಿಸಿಕೊಂಡದ್ದು ಎಲ್ಲ ಹಂಸಭಾವಿಯ ಮಣ್ಣಿನಲ್ಲೇ. ಒಮ್ಮೆಯಾದರೂ ಊರಿನ ಏಳು ಮಂದಿಯಲ್ಲಿ ನಿಲ್ಲಬೇಕು, ಅದೊಂದೇ ಅವನ ಆಸೆ. ನೀಲಪ್ಪ ಪ್ರತಿ ಸಲವೂ ಎಕ್ಸ್‌ಟ್ರಾ ಎಂದು ಅವನನ್ನು ಹೊರಗೇ ಕೂರಿಸುತ್ತಿದ್ದ.

"ಅಂವ ಸವಣೂರಾಂವಲೇ ಚಂದ್ರಪ್ಪ. ನಮ್ಮೂರ ಹುಡುಗರು ಮೊದಲು," ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ನಮ್ಮೂರ ಹುಡುಗ ಎಂದರೆ ಅವನ ಅಕ್ಕನ ಮಗ ಮಂಜಪ್ಪ.

ಶಿಗ್ಗಾಂವದ ಪಂದ್ಯ ತೂಕದ್ದು. ಐವತ್ತೈದು ಕಿಲೋ ದಾಟಿದವನಿಗೆ ಆಟವಿಲ್ಲ. ಬೆಳಿಗ್ಗೆ ಅಡತಿ ಅಂಗಡಿಯಲ್ಲಿ ಜೋಳದ ಚೀಲ ತೂಗುವ ಕಾಟಾದ ಮೇಲೆ ಆಟಗಾರರು ನಿಲ್ಲಬೇಕು. ತೂಕ ಸರಿಯಿದ್ದರೆ ಮುಂಗೈಗೆ ಸೀಲು. ಮಂಜಪ್ಪನದು ಉಂಡ ಮೈ. ನೀಲಪ್ಪ ಅವನಿಗೆ ಎರಡು ದಿನ ಅನ್ನ ನೀರು ತೋರಿಸದೆ, ಕಂಬಳಿ ಹೊದಿಸಿ ಬಿಸಿಲಲ್ಲಿ ಓಡಿಸಿ ತೂಕ ಇಳಿಸಿದ್ದ. ಹೇಗೋ ಪಾಸಾದ. ಆಮೇಲೆ ಗೌಸ ಕಾಟಾ ಏರಲು ಹೋದರೆ ನೀಲಪ್ಪ ಭುಜ ಹಿಡಿದು ಹಿಂದೆಳೆದ.

"ಆಡಲಾರದವಗ ಸೀಲ್ ಯಾಕಲೇ? ಹೋಗು, ಚಪ್ಪಲಿ ಕಾಯಿ."

ಗೌಸ ಚಪ್ಪಲಿ ಕಾಯ್ದ. ನನ್ನ ಮೈಯೆಲ್ಲ ಉರಿದುಹೋಯಿತು.

ಸೀಲು ಬಿದ್ದದ್ದೇ ತಡ, ಮಂಜಪ್ಪ ಮಂಡಕ್ಕಿ, ಮಿರ್ಚಿ ಮುಕ್ಕಿ, ಮೇಲೊಂದು ತಂಬಿಗೆ ನೀರು ಸುರಿದುಕೊಂಡ. ಹಸಿದು ಕಾಟಾ ಏರಿದವರ ಹಣೆಬರಹವೇ ಅದು. ಮೊದಲ ಸಲ ನುಗ್ಗುವಾಗಲೇ ಕಬಡ್ಡಿ ಅನ್ನುವ ಬಾಯಿಂದ ಮಿರ್ಚಿ ಹೊರಬಂತು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಉರುಳಿದ.

"ಗೌಸ್ಯಾ, ಇಳಿಯೋ!" ಎಂದು ನೀಲಪ್ಪ ಕಿರುಚಿದ.

ಗೌಸ ಜಿಗಿದೇ ಬಂದ. ಆ ಮುಖದ ಹಿಗ್ಗು ನಾನು ಮರೆತಿಲ್ಲ. ಅಂಪೈರು ಅವನ ಮುಂಗೈ ತಿರುಗಿಸಿ ನೋಡಿದ. ಸೀಲಿಲ್ಲ. ಹೊರಗೆ ಕಳಿಸಿದ. ಆರೇ ಮಂದಿ ಆಡಿ ಸೋತೆವು.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನೀಲಪ್ಪ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಗೌಸನಿಗೇ ಬೈದ: "ಸೀಲ್ ಹಾಕಿಸ್ಕೊಳ್ಳಾಕ ಏನ್ ಧಾಡಿ ಬಂದಿತ್ತು ನಿನಗ?"

ಗೌಸ ಬನಿಯನ್ನು ಕಳಚಿ ಅವನ ಕೈಗಿಟ್ಟ. ನಮ್ಮ ಜೊತೆ ಬರಲಿಲ್ಲ. ಸವಣೂರಿನ ಬಸ್ಸು ಹತ್ತಿ ಸೋದರಮಾವನ ಮನೆಗೆ ಹೋದವನು ಅಲ್ಲೇ ಉಳಿದ.

ಮರುವರ್ಷ ಹಿರೇಕೆರೂರಿನಲ್ಲಿ ಸವಣೂರು ತಂಡ ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ನಮ್ಮನ್ನು ಮುಟ್ಟಿ ಹೊರಗೆ ಹಾಕಿದವನು ಗೌಸನೇ. ಮಂದಿ ಅವನನ್ನು ಹೆಗಲ ಮೇಲೆ ಎತ್ತಿದರು. ನಾಚಿಕೆಗೆಟ್ಟ ನೀಲಪ್ಪ ಗುಂಪು ಸೀಳಿಕೊಂಡು ಹೋಗಿ ಅವನ ಕೈ ಹಿಡಿದು, "ಇಂವ ನಮ್ಮ ಹಂಸಭಾವಿ ಹುಡುಗರೀ! ನಮ್ಮಂವ!" ಎಂದು ಸಾರತೊಡಗಿದ.

ಗೌಸ ಕೆಳಗಿಳಿದ. ದನಿ ಏರಿಸಲಿಲ್ಲ.

"ಹಂಸಭಾವ್ಯಾಗ ಇದ್ದಾಗ ಸವಣೂರಾಂವ ಅಂದ್ರಿ. ಈಗ ಸವಣೂರಾಂವನ ಆಗೇನ್ರಿ. ಕೈ ಬಿಡ್ರಿ."