ಬಾದನಹಟ್ಟಿ ಹೊಲದಲ್ಲಿ ನಾನು ಎತ್ತಿದ ಬಡಿಗೆ

ಗೇಣಿದಾರನನ್ನು ಹೊಡೆ ಎಂದು ಅಪ್ಪ ಹೇಳಿರಲಿಲ್ಲ. ಹೊಲದಿಂದ ಎಬ್ಬಿಸಿ ಬಾ ಎಂದಿದ್ದ, ಅಷ್ಟೇ. ಹೊಡೆದದ್ದು ನಾನು.

ಎಪ್ಪತ್ತರ ದಶಕದ ನಡುವಿನ ಮಾತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಗೇಣಿದಾರರೆಲ್ಲ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕತೊಡಗಿದ್ದರು. ನಮ್ಮ ಮನೆ ಬಳ್ಳಾರಿಯ ಗಾಂಧಿನಗರದಲ್ಲಿ, ಅಂಗಡಿ ಬ್ರೂಸ್‌ಪೇಟೆಯಲ್ಲಿ. ಬಾದನಹಟ್ಟಿಯಲ್ಲಿ ಏಳೆಕರೆ ಎರೆಹೊಲವಿತ್ತು. ನಾನು ಹುಟ್ಟುವ ಮೊದಲಿನಿಂದಲೂ ಅದನ್ನು ಒಬ್ಬನೇ ಗೇಣಿದಾರ ಉಳುತ್ತಿದ್ದ. ಅವನೂ ಅರ್ಜಿ ಹಾಕಿದ.

"ವಿಚಾರಣಿಗೆ ಮೊದಲ ಹೊಲದಾಗ ನಮ್ಮ ಮಂದಿ ಇರಬೇಕು," ಎಂದ ಅಪ್ಪ. "ನಾವ ಸಾಗು ಮಾಡ್ತೀವಿ ಅನ್ನಾಕ ಅದ ಸಾಕ್ಷಿ."

ನನಗಾಗ ಇಪ್ಪತ್ತಾರು. ಅಂಗಡಿಯ ಇಬ್ಬರು ಹಮಾಲರನ್ನು ಕರೆದುಕೊಂಡು ಹೋದೆ. ಗಂಡ ಹೆಂಡತಿ ಜೋಳ ಕೊಯ್ಯುತ್ತಿದ್ದರು. ಅವನು ತಲೆಯ ಟವೆಲ್ ತೆಗೆದು ಎದುರು ಬಂದ.

"ಸಣ್ಣ ಸಾವ್ಕಾರ್ರ, ಏನಿದ್ರೂ ಕಚೇರ್ಯಾಗ ಮಾತಾಡೂಣ. ಪೈರು ತುಳೀಬ್ಯಾಡ್ರಿ."

"ಹೊಲ ಯಾರದಲೇ?" ಎಂದು ದೂಡಿದೆ. ಬೀಳದಿರಲು ಅವನು ನನ್ನ ಅಂಗಿ ಹಿಡಿದ. ಅಂಗಿ ಹರಿಯಿತು. ಪಕ್ಕದ ಹಮಾಲನ ಕೈಯಿಂದ ಬಡಿಗೆ ಕಸಿದು ಬೀಸಿದೆ. ಅವನು ಅಡ್ಡ ಹಿಡಿದ ಬಲಗೈಯ ಎಲುಬು ಲಟಕ್ಕೆಂದಿತು. ಅವನ ಹೆಂಡತಿ ಕುಡುಗೋಲು ಹಿಡಿದೇ ಓಡಿಬಂದಳು. ಭುಜಕ್ಕೆ ಬೆಂಕಿ ತಾಗಿದಂತಾಯಿತು. ನೋಡಿದರೆ ತೋಳೆಲ್ಲ ರಕ್ತ. ಹಮಾಲ ಅವಳನ್ನು ಒದ್ದ. ಅವಳು ಮುಖ ಅಡಿಯಾಗಿ ಬದುವಿನ ಕಲ್ಲಿನ ಮೇಲೆ ಬಿದ್ದಳು. ಎದ್ದಾಗ ಬಾಯಿ ತುಂಬ ರಕ್ತ, ಮುಂದಿನ ಹಲ್ಲುಗಳಿರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಗೇಣಿದಾರ ನೆಲಕ್ಕೆ ಬಿದ್ದಿದ್ದ. ಬಿದ್ದವನ ಬೆನ್ನಿಗೆ ಇನ್ನೂ ಎರಡು ಹಾಕಿದೆ. ಆ ಎರಡು ಏಟಿಗೆ ನನ್ನ ಬಳಿ ಇವತ್ತಿಗೂ ಕಾರಣವಿಲ್ಲ.

ಭುಜಕ್ಕೆ ಹೊಲಿಗೆ ಹಾಕಿಸಿ ಅಪ್ಪ ನನ್ನನ್ನು ಸಿರುಗುಪ್ಪದ ಅಕ್ಕನ ಮನೆಗೆ ಕಳಿಸಿದ. ಗಾಯ ಎರಡೂ ಕಡೆ ಆಗಿದೆಯೆಂದು ಊರ ಹಿರಿಯರು ಠಾಣೆಗೆ ಹೋಗದಂತೆ ತಡೆದರು. ಅಕ್ಕ ಊಟ ಬಡಿಸುತ್ತಿದ್ದಳು. ಮೂರನೆಯ ದಿನ ಒಂದೇ ಮಾತು ಕೇಳಿದಳು: "ಹೆಂಗಸಿಗೂ ಬಡದ್ರೇನೋ?"

ವಿಚಾರಣೆ ಬಳ್ಳಾರಿಯ ತಾಲೂಕು ಕಚೇರಿಯಲ್ಲಿ ನಡೆಯಿತು. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ, ನಾವೇ ಮಾತಾಡಬೇಕು. ಆಳು ಹಚ್ಚಿ ನಾವೇ ಸಾಗುವಳಿ ಮಾಡುತ್ತೇವೆ ಎಂದು ಅಪ್ಪ ಕಲಿಸಿದ್ದನ್ನು ಒಪ್ಪಿಸಿದೆ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡ ಗೇಣಿದಾರ ಗೋಡೆ ಹಿಡಿದು ನಿಂತಿದ್ದ, ಪಕ್ಕದಲ್ಲಿ ಹೆಂಡತಿ.

ಮಂಡಳಿಯಲ್ಲಿ ಕುರುಗೋಡಿನ ಕಡೆಯ ಒಬ್ಬ ವಯಸ್ಸಾದ ರೈತ ಸದಸ್ಯರಾಗಿದ್ದರು. ಅವರು ಕೇಳಿದರು: "ನೀವ ಸಾಗು ಮಾಡ್ತೀರಂದ್ರ ಹೇಳಪಾ, ಹೊಲದ ಮೂಡಲಕ್ಕ ಏನೈತಿ?"

ನಾನು ಆ ಹೊಲಕ್ಕೆ ಕಾಲಿಟ್ಟದ್ದೇ ಆ ಒಂದು ದಿನ. ಕಣ್ಣಿಗೆ ಬಂದದ್ದು ಅದೊಂದೇ.

"ಕಲ್ಲೈತ್ರಿ. ಆಕಿ ಬಿದ್ದ ಕಲ್ಲು."

"ಯಾರಪಾ ಬಿದ್ದಾಕಿ?"

ಅಪ್ಪ ಕೆಮ್ಮಿದ. ನಾನು ಅವಳನ್ನು ನೋಡಿದೆ. ತುಟಿ ಇನ್ನೂ ಬಾತಿತ್ತು. ಬಡಿಗೆ, ಕೈ, ಕಲ್ಲು, ಆಮೇಲಿನ ಎರಡು ಏಟು, ಎಲ್ಲ ಹೇಳಿಬಿಟ್ಟೆ. ಆ ಹೊಲವನ್ನು ನಾವು ಎಂದೂ ಉತ್ತಿಲ್ಲವೆಂದೂ ಹೇಳಿದೆ. ಗುಮಾಸ್ತ ಬರೆದುಕೊಂಡ. ನಾನು ಸಹಿ ಹಾಕಿದೆ.

ಕಚೇರಿಯ ಪಡಸಾಲೆಗೆ ಬರುತ್ತಲೇ ಅಪ್ಪ ಕಾಲಿನ ಚಪ್ಪಲಿ ತೆಗೆದು ಮುಖಕ್ಕೆ ಹೊಡೆದ. ಕೊಡೆಯ ಹಿಡಿಯಿಂದ ಹೊಲಿಗೆ ಹಾಕಿದ ಭುಜದ ಮೇಲೇ ಹೊಡೆದ. ಹೊಲಿಗೆ ಬಿಚ್ಚಿತು. ಜವಾನ ಬಿಡಿಸಲು ಬಂದ. ಆಗ ಗೇಣಿದಾರನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೇಳಿದಳು:

"ಬಿಡಿಸಬ್ಯಾಡ್ರಿ. ಇನ್ನೆರಡು ಬೀಳಲಿ."

ಬಿದ್ದವು.

ಹೊಲ ಅವರಿಗಾಯಿತು. ಅಪ್ಪ ನನ್ನನ್ನು ಅಂಗಡಿಯಿಂದ ಹೊರಗೆ ಹಾಕಿದ. ನಾನು ಬೇರೆಯವರ ಹತ್ತಿ ಮಿಲ್ಲಿನಲ್ಲಿ ಕೆಲಸ ಹಿಡಿದೆ. ಮರುವರ್ಷ ಕ್ಷಮೆ ಕೇಳಬೇಕೆಂದು ಬಾದನಹಟ್ಟಿಗೆ ಹೋದೆ. ಗೇಣಿದಾರನ ಹೆಂಡತಿಯೇ ಬಾಗಿಲಿಗೆ ಬಂದಳು.

"ಅವರು ಇಲ್ಲ," ಎಂದಳು. ಯಾರು ಬಂದರೆಂದು ಒಳಗಿನಿಂದ ಅವಳ ಗಂಡ ಕೇಳುವುದು ನನಗೆ ಕೇಳಿಸಿತು.

"ಕಚೇರ್ಯಾಗ ಖರೇ ಹೇಳೀರಿ, ಒಪ್ತೀನಿ. ಆದ್ರ ಈ ಕಡೆ ಬರಬ್ಯಾಡ್ರಿ. ನಿಮ್ಮನ್ನ ಕಂಡ್ರ ನನ್ನ ಕೈ ಸುಮ್ಮನಿರಂಗಿಲ್ಲ."

ಸರಿ ಎಂದೆ. ಬಸ್ಸು ಬರಲು ತಡವಿತ್ತು. ಕುರುಗೋಡಿನ ದಾರಿ ಹಿಡಿದು ನಡೆದೆ.