ಸಿದ್ಧಕಟ್ಟೆಯಲ್ಲಿ ನಿಂತ ನಾಲ್ಕು ನಿಮಿಷ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಬಂಟ್ವಾಳ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸೊಂದರಲ್ಲಿ ಡ್ರೈವರ್ ಆಗಿದ್ದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕ್ಲೀನರ್ ಆಗಿ ಬಾಗಿಲಲ್ಲಿ ನೇತಾಡಿ, ಕಂಡಕ್ಟರ್ ಆಗಿ ಚೀಲ ಹೊತ್ತು, ಕೊನೆಗೆ ಸ್ಟೇರಿಂಗ್ ಹಿಡಿದೆ. ಯಾರ ಶಿಫಾರಸಿನಿಂದಲೂ ಅಲ್ಲ. ಲೈನಿನಲ್ಲಿ ನನ್ನ ಹೆಸರು ಉಳಿದದ್ದು ಒಂದೇ ವಿಷಯಕ್ಕೆ: ಸೇಸಣ್ಣನ ಬಸ್ಸು ಬಂತೆಂದರೆ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಟೈಮಿಂಗ್ ಎಂದರೆ ಗದ್ದೆಯ ಬದು ಇದ್ದ ಹಾಗೆ. ನನ್ನ ಹಿಂದೆ ನಾಲ್ಕು ನಿಮಿಷಕ್ಕೆ ಹಮ್ಮಬ್ಬನ ಬಸ್ಸು. ನಾನು ಒಂದು ನಿಮಿಷ ತಡ ಮಾಡಿದರೆ ಅವನಿಗೆ ಸಿಗಬೇಕಾದ ಜನ ನನ್ನ ಬಸ್ಸು ಹತ್ತುತ್ತಾರೆ. ಆಮೇಲೆ ಸ್ಟ್ಯಾಂಡಿನಲ್ಲಿ ಜಗಳ ಖಂಡಿತ. ಹನ್ನೊಂದು ವರ್ಷ ನಾವಿಬ್ಬರೂ ಹಾಗೇ ಓಡಿಸಿದವರು. ಹಾರ್ನಿನಲ್ಲಿ ಬೈದುಕೊಂಡದ್ದು ಉಂಟು, ಒಟ್ಟಿಗೆ ಕೂತು ಚಹಾ ಕುಡಿದದ್ದು ಇಲ್ಲ.

ನನ್ನ ಕಂಡಕ್ಟರ್ ಹರೀಶ ಬೆಳ್ತಂಗಡಿ ಕಡೆಯವನು, ಮೂವತ್ತೈದು ದಾಟಿದವನು. ಬಿಸಿಎ ಮುಗಿಸಿ ಮಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿದ್ದ. ಅದು ಬಾಗಿಲು ಹಾಕಿದ ಮೇಲೆ ನನ್ನ ಬಸ್ಸಿಗೆ ಬಂದ. ಬಂದ ವರ್ಷವೇ ಸಾಫ್ಟ್‌ವೇರ್ ಎಂಜಿನಿಯರಿಂಗಿನಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರಿಕೊಂಡ. ಪಾಠವೆಲ್ಲ ಮೊಬೈಲಿನಲ್ಲಿ. ಟ್ರಿಪ್ಪುಗಳ ನಡುವೆ ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದ. "ಬಸ್ಸಿಗೆ ಬಂದ ಮೇಲೆ ಇನ್ನೆಂಥದ್ದು ಮಾರಾಯ ಓದುವುದು?" ಎಂದು ಸ್ಟ್ಯಾಂಡಿನವರು ತಮಾಷೆ ಮಾಡಿದರೆ ನಾನೇ ಬಾಯಿ ಮುಚ್ಚಿಸುತ್ತಿದ್ದೆ. ನನಗೆ ಸಿಗದ್ದನ್ನು ದುಡಿದುಕೊಂಡೇ ಹಿಡಿಯುವವನ ಮೇಲೆ ನನಗೆ ಗೌರವ.

ಕೊನೆಯ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟ್ ಮಾಡಿ ಅದರ ವೈವಾ ಕೊಡಬೇಕು. ವೈವಾ ಎಂದರೆ ಕ್ಯಾಮೆರಾ ಎದುರು ಕೂತು ಪರೀಕ್ಷಕರ ಪ್ರಶ್ನೆಗೆ ಉತ್ತರ ಹೇಳುವುದು. ಹರೀಶ ಮಾಡಿದ್ದು ನಮ್ಮ ಬಸ್ಸಿನದ್ದೇ ಆ್ಯಪ್. ದಾರಿಬದಿ ಕಾಯುವವರಿಗೆ ಬಸ್ಸು ಎಲ್ಲಿ ಬಂತು, ದಾಟಿತೋ ಇಲ್ಲವೋ ಎಂದು ಮೊಬೈಲಿನಲ್ಲಿ ಕಾಣಬೇಕು. ಅದಕ್ಕಾಗಿ ನನ್ನ ಕನ್ನಡಿಯ ಪಕ್ಕ ಒಂದು ಹಳೇ ಫೋನು ಅಂಟಿಸಿದ್ದ.

ವೈವಾ ಇದ್ದದ್ದು ಮಧ್ಯಾಹ್ನ ಮೂರಕ್ಕೆ, ಮೂಡುಬಿದಿರೆಯಲ್ಲಿ ನಮ್ಮ ಬಸ್ಸು ವಿಶ್ರಾಂತಿಗೆ ನಿಲ್ಲುವ ಹೊತ್ತು. ಲ್ಯಾಪ್‌ಟಾಪ್ ನನ್ನ ಸೀಟಿನ ಹಿಂದೆ ಇಟ್ಟುಕೊಂಡೇ ಬಂದಿದ್ದ. ಬೆಳಗ್ಗೆ ಬಂಟ್ವಾಳದಿಂದ ಹೊರಟ ಟ್ರಿಪ್ಪಿನಲ್ಲಿ ರಾಯಿ ದಾಟಿದ ಮೇಲೆ ಅವನ ವಿಸಿಲ್ ಲಯ ತಪ್ಪಿತು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೋಗು. ಅವನು ಒಂದು ಊದಿ, ತಡೆದು, ಮತ್ತೊಂದು ಊದುತ್ತಾನೆ. ಕನ್ನಡಿಯಲ್ಲಿ ನೋಡಿದರೆ ಮುಖ ಬಿಳಿಚಿತ್ತು.

"ಹರೀಶ, ಎಂಥ ಆಯ್ತು?"

"ಏನಿಲ್ಲ ಅಣ್ಣ, ನೀವು ಬಿಡಿ."

ಎದುರು ಸೀಟಿನಲ್ಲಿದ್ದ ಮೀನು ಮಾರುವ ಗುಲಾಬಿಯಕ್ಕ ಬಿಡಲಿಲ್ಲ. "ಏನಿಲ್ಲವಾ? ಆಗಿಂದ ಫೋನು ನೋಡಿ ಕಣ್ಣು ಒರೆಸಿಕೊಳ್ತಾ ಇದ್ದಾನೆ. ನನಗೆ ಚಿಲ್ಲರೆ ಎರಡು ಸಲ ಕೊಟ್ಟ!"

ಆಗ ಹೇಳಿದ. ಬೆಳಗ್ಗೆ ಬರಬೇಕಾದ ಹಲವರು ಹಾಜರಿಲ್ಲದ ಕಾರಣ ಅವನ ಮಧ್ಯಾಹ್ನದ ಸರದಿ ಈಗಲೇ ಬಂದಿದೆ. ಇಪ್ಪತ್ತು ನಿಮಿಷದೊಳಗೆ ಕ್ಯಾಮೆರಾ ಎದುರು ಕೂರಬೇಕು, ಇಲ್ಲವಾದರೆ ಗೈರುಹಾಜರಿ; ಆ ಸೆಮಿಸ್ಟರ್ ಪೂರ್ತಿ ಮತ್ತೊಮ್ಮೆ. ಮುಚ್ಚಿದ ಕೋಣೆ ಬೇಕು, ಗಟ್ಟಿ ಇಂಟರ್ನೆಟ್ ಬೇಕು, ಒಬ್ಬನೇ ಇರಬೇಕು. ನನ್ನ ಟೈಮ್ ತಪ್ಪುತ್ತದೆಂದು ಅವನು ಬಾಯಿ ಬಿಟ್ಟಿರಲಿಲ್ಲ.

"ಸಿದ್ಧಕಟ್ಟೆಯಲ್ಲಿ ಇಳಿ," ಎಂದೆ. "ಜಯಂತಿಯಕ್ಕನ ಟೈಲರ್ ಅಂಗಡಿಯಲ್ಲಿ ವೈಫೈ ಉಂಟು."

ಜಯಂತಿಯಕ್ಕ ದಿನಾ ನಮ್ಮ ಬಸ್ಸಿನಲ್ಲಿ ಬರುವವರು, ಅವತ್ತೂ ಇದ್ದರು. "ಟ್ರಯಲ್ ರೂಮ್ ಉಂಟಲ್ಲ, ಬಾಗಿಲಿಗೆ ಚಿಲಕವೂ ಉಂಟು. ಬ್ಲೌಸು ನೋಡ್ಲಿಕ್ಕೆ ಬಂದವರು ಸ್ವಲ್ಪ ಕಾಯಲಿ," ಎಂದು ಚೀಲದಿಂದ ಬೀಗದ ಕೈ ತೆಗೆದರು.

ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ ನಾನು ಹೇಳಿದೆ: "ಹೋಗು. ಮುಗಿಸಿ ಬಾ. ನಾನು ಇಲ್ಲೇ ನಿಲ್ತೇನೆ."

ಇಳಿಯುತ್ತಿದ್ದ ಹರೀಶ ತಿರುಗಿದ. "ಬೇಡ ಅಣ್ಣ. ಬಸ್ಸು ಓಡದಿದ್ರೆ ನಾನು ಅವರಿಗೆ ತೋರಿಸುವುದು ಎಂಥದ್ದು?"

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮಧ್ಯಾಹ್ನವಾಗಿದ್ದರೆ ಬೆಳಗ್ಗಿನ ಓಟದ ದಾಖಲೆ ತೋರಿಸುತ್ತಿದ್ದನಂತೆ; ಈಗ ಪರೀಕ್ಷಕರು ಆ್ಯಪ್ ತೆರೆದು ಬಸ್ಸು ಸಾಗುವುದನ್ನೇ ನೋಡಬೇಕು. ಅವನು ಟಿಕೆಟಿನ ಚೀಲ ನನ್ನ ಮಡಿಲಿಗೆ ಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು, ಖಾಕಿ ಅಂಗಿಯಲ್ಲೇ ಜಯಂತಿಯಕ್ಕನ ಜೊತೆ ಓಡಿದ. ಬಸ್ಸು ತುಂಬಾ ಜನ, ಕಂಡಕ್ಟರ್ ಇಲ್ಲ. ಕಂಡಕ್ಟರ್ ಇಲ್ಲದೆ ಬಸ್ಸು ಬಿಡುವುದು ಕಾನೂನಿಗೂ ಸರಿಯಲ್ಲ, ನನ್ನ ಮನಸ್ಸಿಗೂ ಒಪ್ಪುವುದಿಲ್ಲ. ದಾರಿ ಒಂದೇ ಇತ್ತು. ಹಮ್ಮಬ್ಬನ ಬಸ್ಸಿನಲ್ಲಿ ಕಂಡಕ್ಟರ್ ಅಲ್ಲದೆ ಹಿಂಬಾಗಿಲಿಗೆ ಲತೀಫ್ ಇರುತ್ತಿದ್ದ. ಅವನಿಗೂ ಕಂಡಕ್ಟರ್ ಬ್ಯಾಡ್ಜ್ ಇತ್ತು. ಆದರೆ ಹಮ್ಮಬ್ಬನ ಹತ್ತಿರ ನಾನು ಕೇಳುವುದೆಂದರೆ!

ನಿಂತೆ. ಜನ ಗಡಿಯಾರ ನೋಡತೊಡಗಿದರು. ಹಿಂದಿನಿಂದ ಯಾರೋ, "ಸೇಸಣ್ಣ, ಟೈಮ್ ಆಯ್ತು," ಎಂದರು. ಗುಲಾಬಿಯಕ್ಕ ಅಲ್ಲಿಂದಲೇ, "ನನ್ನ ಬೂತಾಯಿ ಮೀನೇ ಸುಮ್ಮನೆ ಕೂತಿದೆ, ನಿಮಗೆಂಥ ಅರ್ಜೆಂಟು?" ಎಂದರು. ಬಸ್ಸಿಡೀ ನಕ್ಕಿತು. ನಾನು ನಗಲಿಲ್ಲ.

ಹಮ್ಮಬ್ಬನ ಬಸ್ಸು ಬಂತು. ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ನಾನು ಇಳಿದು ಅವನ ಕಿಟಕಿಯ ಕೆಳಗೆ ನಿಂತೆ.

"ಎಂಥ ಸೇಸಣ್ಣ, ನನ್ನ ಟೈಮಲ್ಲಿ ಬೇರು ಬಿಟ್ಟು ನಿಂತಿದ್ದಿ! ಗಡಿಯಾರ ಮಾರಿದ್ದಾ?"

"ಹಮ್ಮಬ್ಬ, ಲತೀಫನನ್ನು ಮೂಡುಬಿದಿರೆಗೆ ಹೋಗಿ ಇಲ್ಲಿಗೆ ಬರುವವರೆಗೆ ಕೊಡು. ಹರೀಶನಿಗೆ ಪರೀಕ್ಷೆ. ಈಗಲೇ. ನನ್ನ ಬಸ್ಸು ಓಡಿದರೆ ಮಾತ್ರ ಅವನು ಪಾಸ್."

ಅವನು ನನ್ನ ಮುಖ ನೋಡಿದ. ಹನ್ನೊಂದು ವರ್ಷದಲ್ಲಿ ನಾನು ಅವನ ಹತ್ತಿರ ಕೇಳಿದ್ದು ಅದೇ ಮೊದಲು.

"ನಮ್ಮ ಲೈನಿನ ಹುಡುಗನಿಗೆ ಪರೀಕ್ಷೆಯಾ?" ಎಂದ. ಮತ್ತೆ ಹಿಂದೆ ತಿರುಗಿ, "ಲತೀಫ್, ಇಳಿ ಮಾರಾಯ! ಸೇಸಣ್ಣನ ಬಸ್ಸಿಗೆ ಹತ್ತು." ನನಗೆ ಕೈ ಬೀಸಿದ. "ನೀನು ಹೋಗು. ನಾನು ನಾಲ್ಕು ನಿಮಿಷ ಬಿಟ್ಟೇ ಬರ್ತೇನೆ. ಮುಂದೆ ಸಂಗಬೆಟ್ಟಿನಲ್ಲಿ ನನ್ನ ಜನ ನಿನ್ನ ಬಸ್ಸು ಹತ್ತಿದರೆ ಹತ್ತಲಿ."

ಲತೀಫ್ ಎರಡು ವಿಸಿಲ್ ಊದಿದ. ಆ ದಾರಿಯಲ್ಲಿ ಅಷ್ಟು ನಯವಾಗಿ ನಾನು ಯಾವತ್ತೂ ಬಸ್ಸು ಬಿಟ್ಟವನಲ್ಲ. ಕನ್ನಡಿ ಪಕ್ಕದ ಫೋನಿನಲ್ಲಿ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಎಂಬ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ಮೂಡುಬಿದಿರೆಯಿಂದ ಮರಳುವಾಗ ಸಿದ್ಧಕಟ್ಟೆಯಲ್ಲಿ ಹರೀಶ ಪ್ರಯಾಣಿಕನ ಹಾಗೆ ಕೈ ಅಡ್ಡ ಹಿಡಿದು ನಿಂತಿದ್ದ. ಹತ್ತಿ, ಲತೀಫನಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ. "ಎಂಥ ಆಯ್ತು?" ಎಂದೆ. ಉತ್ತರಕ್ಕೆ ಎರಡು ವಿಸಿಲ್ ಬಂತು, ಮೂಡುಬಿದಿರೆಗೂ ಕೇಳುವ ಹಾಗೆ.

ವಿವರ ತಿಳಿದದ್ದು ಬಂಟ್ವಾಳದಲ್ಲಿ. ಪರೀಕ್ಷಕರು ಮ್ಯಾಪ್ ತೆರೆದಾಗ ಬಸ್ಸಿನ ಚುಕ್ಕೆ ಸಿದ್ಧಕಟ್ಟೆಯಲ್ಲೇ ನಿಂತಿತ್ತಂತೆ. "ಇದು ಹ್ಯಾಂಗ್ ಆಗಿದೆಯಲ್ಲ?" ಎಂದು ಕೇಳಿದರಂತೆ. ಹರೀಶ ಹೇಳಿದ್ದು: "ಇಲ್ಲ ಸರ್. ಆ್ಯಪ್ ಸರಿ ಉಂಟು. ನಮ್ಮ ಡ್ರೈವರ್ ಯಾವತ್ತೂ ತಡ ಮಾಡುವವರಲ್ಲ. ಇವತ್ತು ನನಗೋಸ್ಕರ ನಿಂತಿದ್ದಾರೆ. ಈಗ ಹೊರಡ್ತಾರೆ ನೋಡಿ." ಎಲ್ಲರೂ ಪರದೆ ನೋಡುತ್ತಾ ಕೂತರಂತೆ. ಚುಕ್ಕೆ ಹೊರಟಿತು.

ಹರೀಶ ಈಗ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ. ನಾನು ನಿವೃತ್ತನಾಗಿದ್ದೇನೆ, ಆದರೂ ಆಗಾಗ ಸ್ಟ್ಯಾಂಡಿಗೆ ಹೋಗಿ ಹಮ್ಮಬ್ಬನ ಜೊತೆ ಚಹಾ ಕುಡಿಯುತ್ತೇನೆ. ಟೈಮ್ ಪಾಲಿಸುವುದನ್ನು ನಾನು ಒಬ್ಬನೇ ಕಲಿತೆ. ಅದು ನನ್ನೊಬ್ಬನದ್ದಲ್ಲ, ಹಿಂದಿನ ಬಸ್ಸಿನವನು ಬಿಟ್ಟುಕೊಟ್ಟರೆ ಮಾತ್ರ ಉಳಿಯುವಂಥದ್ದು ಎಂದು ಕಲಿಯಲು ಹನ್ನೊಂದು ವರ್ಷ ಹಿಡಿಯಿತು.

ಹಮ್ಮಬ್ಬ ಈಗಲೂ ಗ್ಲಾಸು ಕೆಳಗಿಡುವಾಗ ಕೇಳುತ್ತಾನೆ: "ನನ್ನ ನಾಲ್ಕು ನಿಮಿಷ ಯಾವಾಗ ವಾಪಸ್ ಕೊಡ್ತಿ?"

"ಕೂತುಕೋ ಮಾರಾಯ," ಎನ್ನುತ್ತೇನೆ. "ಇನ್ನೊಂದು ಚಹಾ ಹೇಳುವ."